ರಸ್ತೆಯಡಿ ಬಂದ ಅನಿಲ ಸಣ್ಣ ಹೋಟೆಲಿನ ಒಲೆಯನ್ನೂ ಮುಟ್ಟಲಿ

ಪ್ರತಿ ತಿಂಗಳ ಒಂದನೇ ತಾರೀಖು ದರ್ಶಿನಿ, ಬೇಕರಿ, ಮೆಸ್ ನಡೆಸುವವರಿಗೆ ಆತಂಕದ ದಿನ. 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರಿನ ದರವನ್ನು ತೈಲ ಕಂಪನಿಗಳು ಅಂದೇ ಪರಿಷ್ಕರಿಸುತ್ತವೆ. ಏರಿತೋ ಇಳಿಯಿತೋ ಎಂಬುದು ಬೆಳಗಿನ ಮೊದಲ ಇಡ್ಲಿ ಬೇಯುವ ಹೊತ್ತಿಗೆ ಗೊತ್ತಾಗಿರುತ್ತದೆ. 2022ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಈ ಸಿಲಿಂಡರಿಗೆ ₹2,355.50 ಇತ್ತು. 2023ರ ಸೆಪ್ಟೆಂಬರಿನಲ್ಲಿ ಅದೇ ಸಿಲಿಂಡರ್ ₹1,522.50ಕ್ಕೆ ಸಿಕ್ಕಿತು. ಒಂದೂವರೆ ವರ್ಷವೂ ಆಗದೆ ಎಂಟುನೂರು ರೂಪಾಯಿಗೂ ಹೆಚ್ಚಿನ ಏರಿಳಿತ. ಗೋಡೆಯ ಮೇಲಿನ ಬೆಲೆಪಟ್ಟಿಯನ್ನು ಹಾಗೆ ತಿಂಗಳಿಗೊಮ್ಮೆ ತಿದ್ದಲಾಗುವುದಿಲ್ಲ. ಇಡ್ಲಿಗೆ ಐದು ರೂಪಾಯಿ ಏರಿಸಿದರೆ ದಿನವೂ ಬರುವ ಗಿರಾಕಿ ಪಕ್ಕದ ಬೀದಿಗೆ ಹೋಗುತ್ತಾರೆ. ಬೆಂಕಿಯ ಬೆಲೆ ಮಾರುಕಟ್ಟೆಯದು, ತಿಂಡಿಯ ಬೆಲೆ ಬಡಾವಣೆಯದು. ಈ ಎರಡರ ನಡುವೆ ಸಿಕ್ಕಿಕೊಂಡವರಿಗೆ ಈಗ ಮತ್ತೊಂದು ದಾರಿ ಕಾಣಿಸುತ್ತಿದೆ: ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ, ಅಂದರೆ ಪಿಎನ್‌ಜಿ.

ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಸುಮಾರು ಸಾವಿರ ಕಿಲೋಮೀಟರ್ ಉದ್ದದ ಮುಖ್ಯ ಕೊಳವೆ ಮಾರ್ಗ 2013ರಲ್ಲಿ ಶುರುವಾಯಿತು. ಬೆಳಗಾವಿ, ಧಾರವಾಡ, ಗದಗ, ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದು ಅದು ರಾಜಧಾನಿಗೆ ಬರುತ್ತದೆ. 2015ರಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ವಿತರಣೆಯ ಹೊಣೆ ಗೇಲ್ ಗ್ಯಾಸ್ ಕಂಪನಿಗೆ ಸಿಕ್ಕಿತು. ಕರಾವಳಿಗೆ 2021ರ ಜನವರಿ 5ರಂದು ಉದ್ಘಾಟನೆಯಾದ 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಮಾರ್ಗ ಅನಿಲ ತಂದಿತು. ಈಗ ಬೆಂಗಳೂರಿನ ಹಲವು ಬಡಾವಣೆಗಳ ಫುಟ್‌ಪಾತಿನಲ್ಲಿ ಹಳದಿ ಕೊಳವೆಯ ಸುರುಳಿ ಕಾಣದವರಿಲ್ಲ. ಅಪಾರ್ಟ್‌ಮೆಂಟಿನ ಅಡುಗೆಮನೆಗಳಿಗೆ, ದೊಡ್ಡ ಹೋಟೆಲುಗಳಿಗೆ, ಕಾರ್ಖಾನೆಗಳಿಗೆ ಅನಿಲ ತಲುಪುತ್ತಿದೆ. ಅದೇ ರಸ್ತೆಯ ತಿರುವಿನಲ್ಲಿರುವ ಹತ್ತಡಿ ಅಗಲದ ತಿಂಡಿ ಅಂಗಡಿಯ ಮುಂದೆ ಮಾತ್ರ ಇನ್ನೂ ನೀಲಿ ಸಿಲಿಂಡರುಗಳು ಸರಪಳಿ ಬಿಗಿಸಿಕೊಂಡು ನಿಂತಿವೆ.

ಕಿಲೋಮೀಟರು ಎಷ್ಟು ಹಾಕಿದರು, ಸಂಪರ್ಕ ಎಷ್ಟು ಕೊಟ್ಟರು ಎಂಬ ಅಂಕಿಗಳಿಂದಲೇ ಇಂಥ ಯೋಜನೆಗಳನ್ನು ಅಳೆಯುವ ರೂಢಿ ನಮ್ಮಲ್ಲಿದೆ. ನಾನು ಒಲೆಯ ಕಡೆಯಿಂದ ಅಳೆಯಲು ಬಯಸುತ್ತೇನೆ. ದಿನಕ್ಕೆ ಒಂದು ಸಿಲಿಂಡರ್ ಸುಡುವ ದರ್ಶಿನಿಗೆ, ವಾರಕ್ಕೊಂದು ಸುಡುವ ಟೀ ಅಂಗಡಿಗೆ ಇದರಿಂದ ಏನು ಸಿಗುತ್ತದೆ, ಏನು ಕಳೆಯುತ್ತದೆ? ಹೀಗೆ ನೋಡಿದಾಗ ನನಗೆ ಸ್ಪಷ್ಟವಾದದ್ದು ಇಷ್ಟು: ಅನಿಲ ಒಳ್ಳೆಯದೇ. ಆದರೆ ಅದನ್ನು ಮಾರುವ ಕರಾರನ್ನು ದೊಡ್ಡ ಅಡುಗೆಮನೆಗಳ ಅಳತೆಗೆ ಹೊಲಿಯಲಾಗಿದೆ.

ಮೊದಲು ಶಾಖದ ಲೆಕ್ಕ. ಎಲ್‌ಪಿಜಿಯನ್ನು ಕಿಲೋದಲ್ಲಿ ಮಾರುತ್ತಾರೆ, ಪಿಎನ್‌ಜಿಯನ್ನು ಘನ ಮೀಟರಿನಲ್ಲಿ. ಎರಡರ ದರವನ್ನು ನೇರವಾಗಿ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯದು. ಒಂದು ಕಿಲೋ ಎಲ್‌ಪಿಜಿ ಕೊಡುವ ಶಾಖಕ್ಕೆ ಸುಮಾರು 1.3 ಘನ ಮೀಟರ್ ನೈಸರ್ಗಿಕ ಅನಿಲ ಬೇಕು. ಆ ಪ್ರಕಾರ 19 ಕೆ.ಜಿ. ಸಿಲಿಂಡರ್ ಎಂದರೆ ಹೆಚ್ಚುಕಡಿಮೆ 25 ಘನ ಮೀಟರ್. ಸಿಲಿಂಡರಿಗೆ ನೀವು ಕೊಡುವ ಪೂರ್ತಿ ಹಣವನ್ನು 25ರಿಂದ ಭಾಗಿಸಿ. ಬಂದ ಅಂಕಿಗಿಂತ ಕೊಳವೆಯ ಅನಿಲದ ದರ, ತೆರಿಗೆ ಸೇರಿ, ಕಡಿಮೆಯಿದ್ದರೆ ಮಾತ್ರ ಉಳಿತಾಯ. ಸಿಲಿಂಡರ್ ₹1,800 ಎಂದಿಟ್ಟುಕೊಂಡರೆ ಆ ಗಡಿ ₹72. ಕೆಲವು ಬಿಲ್ಲುಗಳಲ್ಲಿ ಅಳತೆ ಶಾಖದ ಮಾನವಾದ ಎಂಎಂಬಿಟಿಯು ಲೆಕ್ಕದಲ್ಲಿರುತ್ತದೆ. ಆಗ ಒಂದು ಸಿಲಿಂಡರ್ ಸುಮಾರು 0.9 ಎಂಎಂಬಿಟಿಯುಗೆ ಸಮ ಎಂದು ನೆನಪಿಟ್ಟುಕೊಂಡರೆ ಸಾಕು.

ಇದೇ ಲೆಕ್ಕವನ್ನು ದೆಹಲಿಯ ಆ ಎರಡು ದರಗಳಿಗೆ ಹಚ್ಚಿ ನೋಡಿ. ₹2,355.50 ಇದ್ದಾಗ ಗಡಿ ₹94, ₹1,522.50ಕ್ಕೆ ಇಳಿದಾಗ ₹61. ಕೊಳವೆಯ ಅನಿಲ ಘನ ಮೀಟರಿಗೆ ₹70 ಇದ್ದಿದ್ದರೆ ಮೊದಲ ತಿಂಗಳಲ್ಲಿ ಭರ್ಜರಿ ಲಾಭ, ಎರಡನೆಯದರಲ್ಲಿ ನಷ್ಟ. ಸಿಲಿಂಡರ್ ದುಬಾರಿಯಾದ ತಿಂಗಳಲ್ಲಿ ಮಾರಾಟ ಪ್ರತಿನಿಧಿ ತೋರಿಸುವ ಉಳಿತಾಯದ ಪಟ್ಟಿಯನ್ನು ನೋಡಿ ಸಹಿ ಹಾಕಬಾರದು ಎಂದು ನಾನು ಹೇಳುವುದು ಇದಕ್ಕೇ. ಕನಿಷ್ಠ ಎರಡು ವರ್ಷಗಳ ಸಿಲಿಂಡರ್ ಬಿಲ್ಲುಗಳನ್ನು, ಅದೇ ಅವಧಿಯಲ್ಲಿ ಅದೇ ಊರಿನಲ್ಲಿದ್ದ ಕಮರ್ಷಿಯಲ್ ಪಿಎನ್‌ಜಿ ದರವನ್ನು ಎದುರೆದುರು ಇಟ್ಟು ನೋಡಬೇಕು.

ತೆರಿಗೆಯಲ್ಲೂ ಒಂದು ಸೂಕ್ಷ್ಮವಿದೆ. ಕಮರ್ಷಿಯಲ್ ಸಿಲಿಂಡರಿಗೆ ಶೇ 18ರಷ್ಟು ಜಿಎಸ್‌ಟಿ ಇದೆ. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಯ ಹೊರಗಿದೆ, ಅದಕ್ಕೆ ರಾಜ್ಯದ ವ್ಯಾಟ್. ಕಟ್ಟಿದ ವ್ಯಾಟ್ ಹಿಂದಕ್ಕೆ ಸಿಗದು ಎಂದು ಕಾರ್ಖಾನೆಯವರು ತಕರಾರು ತೆಗೆಯುತ್ತಾರೆ. ನಮ್ಮ ದರ್ಶಿನಿಯವರಿಗೆ ಆ ತಕರಾರು ತಟ್ಟುವುದಿಲ್ಲ. 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳು ಗಿರಾಕಿಯಿಂದ ಶೇ 5 ಜಿಎಸ್‌ಟಿ ಪಡೆದು ಕಟ್ಟುತ್ತವೆ, ತಾವು ಖರೀದಿಸಿದ ಸಾಮಗ್ರಿಯ ಮೇಲಿನ ತೆರಿಗೆಯನ್ನು ಅದರಲ್ಲಿ ಕಳೆಯುವ ಅವಕಾಶ ಅವುಗಳಿಗಿಲ್ಲ. ಹಾಗಾಗಿ ಸಿಲಿಂಡರಿನ ಶೇ 18 ಅವರಿಗೆ ಪೂರ್ತಿ ಖರ್ಚು. ಆದರೆ ಸಾಮಾನ್ಯ ನೋಂದಣಿ ಮಾಡಿಸಿ ಕೇಕು, ಬಿಸ್ಕತ್ತು ಮಾರುವ ಬೇಕರಿ ಸಿಲಿಂಡರಿನ ತೆರಿಗೆಯನ್ನು ತನ್ನ ಬಾಕಿಯಲ್ಲಿ ಕಳೆದುಕೊಳ್ಳಬಹುದು. ಅಂಥ ಬೇಕರಿಗೆ ₹1,800ರ ಸಿಲಿಂಡರ್ ನಿಜವಾಗಿ ಬೀಳುವುದು ಸುಮಾರು ₹1,525ಕ್ಕೆ, ಗಡಿ ₹72ರಿಂದ ₹61ಕ್ಕೆ ಇಳಿಯುತ್ತದೆ. ಪಕ್ಕದ ದರ್ಶಿನಿಗೆ ಲಾಭವಾದ ದರ ಈ ಬೇಕರಿಗೆ ನಷ್ಟವಾಗಬಹುದು. ಸಹಿ ಹಾಕುವ ಮುನ್ನ ಲೆಕ್ಕಪತ್ರ ನೋಡುವವರನ್ನು ಒಂದು ಮಾತು ಕೇಳುವುದು ಒಳಿತು.

ದರವನ್ನು ಯಾರು ನಿಗದಿ ಮಾಡುತ್ತಾರೆ ಎಂಬುದನ್ನೂ ತಿಳಿದಿರಬೇಕು. ದೇಶದೊಳಗೆ ಸಿಗುವ ಅಗ್ಗದ ಅನಿಲದಲ್ಲಿ ಮನೆಯ ಅಡುಗೆಗೂ ಸಿಎನ್‌ಜಿ ವಾಹನಗಳಿಗೂ ಆದ್ಯತೆ. ಹೋಟೆಲು, ಕಾರ್ಖಾನೆಗಳ ಪಾಲಿಗೆ ಬರುವುದು ಬಹುಪಾಲು ಹಡಗಿನಲ್ಲಿ ದ್ರವರೂಪದಲ್ಲಿ ಬಂದಿಳಿದ ಅನಿಲ (ಎಲ್‌ಎನ್‌ಜಿ), ಮಾರುಕಟ್ಟೆ ದರದಲ್ಲಿ. ಕೊಳವೆ ಬಂದರೆ ಬೆಲೆ ಸ್ಥಿರವಾಗುತ್ತದೆ ಎಂಬ ಮಾತು ಹಾಗಾಗಿ ಅರ್ಧ ಸತ್ಯ ಮಾತ್ರ. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಎಲ್‌ಪಿಜಿ, ಎಲ್‌ಎನ್‌ಜಿ ಎರಡೂ ಒಟ್ಟಿಗೆ ಏರಿದ್ದನ್ನು ಕಂಡಿದ್ದೇವೆ. ಅಲ್ಲದೆ ಒಂದು ಪ್ರದೇಶಕ್ಕೆ ಒಂದೇ ಕಂಪನಿ. ಪರವಾನಗಿ ಕೊಡುವುದು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. ಆದರೆ ಹೋಟೆಲಿಗೆ ಯಾವ ದರದಲ್ಲಿ ಮಾರಬೇಕೆಂದು ಮಂಡಳಿ ಹೇಳುವುದಿಲ್ಲ. ಸಿಲಿಂಡರಿನಲ್ಲಿ ಒಬ್ಬ ಏಜೆನ್ಸಿಯವರು ಸತಾಯಿಸಿದರೆ ಇನ್ನೊಂದು ಕಂಪನಿಯ ಏಜೆನ್ಸಿಗೆ ಹೋಗಬಹುದು. ಕೊಳವೆಗೆ ಒಲೆ ಸೇರಿಸಿದ ಮೇಲೆ ಆ ಆಯ್ಕೆ ಇಲ್ಲ.

ಇಷ್ಟಾದರೂ ದರ ದೊಡ್ಡ ಅಡ್ಡಿಯಲ್ಲ. ದೊಡ್ಡ ಅಡ್ಡಿ ಬಾಡಿಗೆ ಕರಾರು.

ನಮ್ಮ ಬಡಾವಣೆಗಳ ಸಣ್ಣ ಹೋಟೆಲುಗಳಲ್ಲಿ ಹೆಚ್ಚಿನವು ಬಾಡಿಗೆ ಮಳಿಗೆಗಳಲ್ಲಿವೆ. ಬಾಡಿಗೆ ಪತ್ರ ಸಾಮಾನ್ಯವಾಗಿ 11 ತಿಂಗಳಿನದು, ಮುಂದಿನದು ಕಟ್ಟಡದ ಮಾಲೀಕರ ಮನಸ್ಸು. ಪಿಎನ್‌ಜಿ ಸಂಪರ್ಕಕ್ಕೆ ಆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಗೋಡೆ ಕೊರೆಯಬೇಕು, ಮುಂಭಾಗದಲ್ಲಿ ಮೀಟರ್ ಕೂರಿಸಬೇಕು. ‘ನಾಳೆ ನೀವು ಬಿಟ್ಟು ಹೋದರೆ ಇದನ್ನೆಲ್ಲ ಯಾರು ತೆಗೆಸುತ್ತಾರೆ’ ಎಂದು ಮಾಲೀಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸಾಮಾನ್ಯವಾಗಿ ಮೀಟರಿನವರೆಗಿನ ಕೆಲಸ ಕಂಪನಿಯದು, ಅಲ್ಲಿಂದ ಒಲೆಯವರೆಗಿನ ಕೊಳವೆ, ವಾಲ್ವು, ಬರ್ನರ್ ಬದಲಾವಣೆ ಅಂಗಡಿಯವರ ಖರ್ಚು. ಠೇವಣಿ ಬೇರೆ. ಠೇವಣಿ ವಾಪಸು ಬರುತ್ತದೆ, ಗೋಡೆಯೊಳಗೆ ಹೋದ ಕೊಳವೆಯ ಹಣ ಬರುವುದಿಲ್ಲ.

ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ವಾಪಸು ಬಾರದ ಖರ್ಚು ₹40,000, ಘನ ಮೀಟರಿಗೆ ಉಳಿತಾಯ ₹5. ದಿನಕ್ಕೊಂದು ಸಿಲಿಂಡರ್ ಸುಡುವ ದರ್ಶಿನಿ ತಿಂಗಳಿಗೆ 750 ಘನ ಮೀಟರ್ ಬಳಸುತ್ತದೆ, ಉಳಿತಾಯ ₹3,750. ಹಾಕಿದ ಹಣ ಹಿಂದಿರುಗಲು ಸುಮಾರು 11 ತಿಂಗಳು, ಅಂದರೆ ಸರಿಯಾಗಿ ಬಾಡಿಗೆ ಪತ್ರ ಮುಗಿಯುವ ಹೊತ್ತಿಗೆ. ತಿಂಗಳಿಗೆ ನಾಲ್ಕು ಸಿಲಿಂಡರ್ ಸಾಕಾಗುವ ಟೀ ಅಂಗಡಿಗೆ ಅದೇ ದರದಲ್ಲಿ ಉಳಿಯುವುದು ₹500. ಅದೇ ₹40,000 ಹಿಂದಿರುಗಲು ಆರೂವರೆ ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ವರ್ಷ ಅದೇ ಮಳಿಗೆಯಲ್ಲಿ ಇರುತ್ತೇವೆಂದು ಎಷ್ಟು ಮಂದಿ ಧೈರ್ಯವಾಗಿ ಹೇಳಬಲ್ಲರು? ಇದರ ಮೇಲೆ ಹಲವು ಕಮರ್ಷಿಯಲ್ ಕರಾರುಗಳಲ್ಲಿ ‘ಕನಿಷ್ಠ ಇಷ್ಟು ಬಳಸಲೇಬೇಕು, ಬಳಸದಿದ್ದರೂ ಹಣ ಕೊಡಬೇಕು’ ಎಂಬ ಷರತ್ತಿರುತ್ತದೆ. ಕಾಲೇಜಿನ ಪಕ್ಕದ ಮೆಸ್ಸಿಗೆ ಬೇಸಿಗೆ ರಜೆಯಲ್ಲಿ ವ್ಯಾಪಾರವಿಲ್ಲ. ದೀಪಾವಳಿಗೆ ಊರಿಗೆ ಹೋದ ಭಟ್ಟರು ವಾರ ತಡವಾಗಿ ಬಂದರೆ ಅಂಗಡಿ ಬಾಗಿಲು ಹಾಕಿರುತ್ತದೆ. ಸಿಲಿಂಡರ್ ಆ ದಿನಗಳಲ್ಲಿ ಒಂದು ಪೈಸೆಯನ್ನೂ ಕೇಳುವುದಿಲ್ಲ. ಕನಿಷ್ಠ ಬಳಕೆಯ ಷರತ್ತು ಕೇಳುತ್ತದೆ.

ಇನ್ನು ಅಡುಗೆಮನೆಯೊಳಗೆ ಬರೋಣ. ಎಲ್‌ಪಿಜಿಗೆ ಮಾಡಿದ ಬರ್ನರಿಗೆ ನೈಸರ್ಗಿಕ ಅನಿಲ ಹಾಗೇ ಒಗ್ಗುವುದಿಲ್ಲ. ಅದೇ ಗಾತ್ರದ ಅನಿಲದಲ್ಲಿ ಎಲ್‌ಪಿಜಿಗೆ ಎರಡೂವರೆ ಪಟ್ಟು ಶಾಖವಿದೆ. ಹಾಗಾಗಿ ಜೆಟ್‌ನ ತೂತು ದೊಡ್ಡದಾಗಬೇಕು, ಗಾಳಿ ಬೆರೆಯುವ ಪ್ರಮಾಣ ಸರಿಹೊಂದಬೇಕು. ದೋಸೆ ಕಲ್ಲು, ಇಡ್ಲಿ ಸ್ಟೀಮರ್, ಹಾಲು-ಡಿಕಾಕ್ಷನ್ನಿನ ಒಲೆ, ವಡೆ-ಪೂರಿಯ ಬಾಣಲೆ, ಪ್ರತಿಯೊಂದಕ್ಕೂ ಬೇರೆ ಬೇರೆ ಜೆಟ್. ಸಿಲಿಂಡರಿನ ಹೈ ಪ್ರೆಶರ್ ಜ್ವಾಲೆಗೆ ಕೈ ಪಳಗಿದ ಅಡುಗೆಯವರು ಮನೆಯ ಒಲೆಗೆ ಕೊಡುವಂಥ ಕಡಿಮೆ ಒತ್ತಡದ ಅನಿಲ ಬಂದರೆ ‘ಉರಿ ಸಾಲದು’ ಎಂದು ಕೈಚೆಲ್ಲುತ್ತಾರೆ. ಅವರ ಮಾತು ಸರಿ. ಎಣ್ಣೆ ಕಾಯದೆ ಬಿಟ್ಟ ಪೂರಿ ಎಣ್ಣೆ ಕುಡಿಯುತ್ತದೆ, ಕಾವು ಏರದ ಕಲ್ಲಿನ ಮೇಲೆ ದೋಸೆ ಗರಿಯಾಗುವುದಿಲ್ಲ. ಬೆಳಿಗ್ಗೆ ಏಳರಿಂದ ಹತ್ತರ ತನಕ ಎಲ್ಲ ಒಲೆಗಳೂ ಒಟ್ಟಿಗೆ ಉರಿಯುವಾಗ ಗಂಟೆಗೆ ಎಷ್ಟು ಅನಿಲ ಬೇಕು ಎಂಬುದನ್ನು ಮೊದಲೇ ಅಳೆದು ಅದಕ್ಕೆ ತಕ್ಕ ಮೀಟರ್ ಹಾಕಬೇಕು. ಜಿ-4 ಎಂಬ ಮೀಟರ್ ಗಂಟೆಗೆ ಹೆಚ್ಚೆಂದರೆ 6 ಘನ ಮೀಟರ್ ಬಿಡುತ್ತದೆ, ಜಿ-6 ಆದರೆ 10. ತಿಂಗಳ ಒಟ್ಟು ಬಳಕೆಯನ್ನಷ್ಟೇ ಕೇಳಿ ಮೀಟರ್ ನಿರ್ಧರಿಸುವವರಿಗೆ ಬೆಳಗಿನ ಈ ಮೂರು ಗಂಟೆಗಳ ಕಥೆಯನ್ನು ಮಾಲೀಕರೇ ಒತ್ತಿ ಹೇಳಬೇಕು.

ಇದನ್ನೆಲ್ಲ ಸರಿಪಡಿಸಿದರೆ ಸಿಗುವ ಅನುಕೂಲ ಸಣ್ಣದಲ್ಲ. ಜೋರಾಗಿ ಅನಿಲ ಎಳೆದಾಗ ಸಿಲಿಂಡರ್ ತಣ್ಣಗಾಗಿ ಮೈಮೇಲೆ ಹನಿಗಟ್ಟುತ್ತದೆ, ಒತ್ತಡ ಕುಸಿಯುತ್ತದೆ. ಡಿಸೆಂಬರಿನ ಬೆಳಗುಗಳಲ್ಲಂತೂ ಇದು ನಿತ್ಯದ ಗೋಳು. ಕೆಲವರು ಸಿಲಿಂಡರನ್ನು ಓರೆ ಮಾಡುತ್ತಾರೆ, ಬಿಸಿನೀರಿನಲ್ಲಿ ನಿಲ್ಲಿಸುತ್ತಾರೆ. ಎರಡೂ ಅಪಾಯ. ತಳದಲ್ಲಿ ಉಳಿದ ಅನಿಲ ಖಾಲಿ ಸಿಲಿಂಡರಿನ ಜೊತೆ ವಾಪಸು ಹೋಗುತ್ತದೆ, ಅದರ ಹಣವನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ. ಕೊಳವೆ ಬಂದರೆ ಇದು ಯಾವುದೂ ಇಲ್ಲ. ಗಿರಾಕಿ ಸಾಲುಗಟ್ಟಿ ನಿಂತಾಗ ಸಿಲಿಂಡರ್ ಬದಲಿಸುವ ಧಾವಂತವಿಲ್ಲ, ಅದನ್ನು ಉರುಳಿಸಿಕೊಂಡು ಬರುವ ಹುಡುಗನ ಬೆನ್ನು ನೋವಿಲ್ಲ. ಸಿಲಿಂಡರುಗಳಿಗೆ ಬಿಟ್ಟ ಜಾಗ ಉಳಿಯುತ್ತದೆ. ಚದರಡಿಗೆ ಬಾಡಿಗೆ ಕೊಡುವ ಊರಿನಲ್ಲಿ ಆ ಮೂಲೆಗೂ ಬೆಲೆಯಿದೆ, ಅಲ್ಲೊಂದು ಪಾತ್ರೆ ತೊಳೆಯುವ ತೊಟ್ಟಿ ಹಿಡಿಸುತ್ತದೆ. ಸಿಲಿಂಡರಿಗೆ ಮುಂಗಡ ಹಣ, ಕೊಳವೆಯ ಅನಿಲಕ್ಕೆ ಬಳಸಿದ ಮೇಲೆ ಬಿಲ್ಲು. ದಿನದ ಗಲ್ಲಾಪೆಟ್ಟಿಗೆಯಿಂದಲೇ ಮರುದಿನದ ತರಕಾರಿ ಕೊಳ್ಳುವವರಿಗೆ ಈ ವ್ಯತ್ಯಾಸ ದೊಡ್ಡದು.

ಸುರಕ್ಷತೆಯ ಬಗ್ಗೆ ಹೇಳುವ ಮಾತು ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ ಎಂಬುದು ನನ್ನ ದೂರು. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರಿ ಹೋಗುತ್ತದೆ. ಎಲ್‌ಪಿಜಿ ಭಾರ, ನೆಲದಲ್ಲೇ ಹರಡಿ ಕಿಡಿಗೆ ಕಾಯುತ್ತದೆ. ಇದು ನಿಜ. ಆದರೆ ಮೇಲಕ್ಕೇರಿದ ಅನಿಲಕ್ಕೆ ಹೊರಹೋಗುವ ದಾರಿ ಇರಬೇಕಲ್ಲ? ನಮ್ಮ ಎಷ್ಟೋ ಸಣ್ಣ ಹೋಟೆಲುಗಳಲ್ಲಿ ಅಡುಗೆಮನೆಯ ಮೇಲೆ ಹಲಗೆಯ ಅಟ್ಟ ಇರುತ್ತದೆ. ಅಕ್ಕಿ ಮೂಟೆ ಇಡುವುದು ಅಲ್ಲೇ, ಕೆಲವು ಕಡೆ ಕೆಲಸದ ಹುಡುಗರು ರಾತ್ರಿ ಮಲಗುವುದೂ ಅಲ್ಲೇ. ಕಿಟಕಿಯಿಲ್ಲದ ಅಂಥ ಅಡುಗೆಮನೆಗೆ ಪಿಎನ್‌ಜಿ ಕೊಡುವ ಮೊದಲು ಚಾವಣಿಗೆ ಸಮೀಪ ಗಾಳಿಕಿಂಡಿ ತೆಗೆಸಬೇಕು, ಅನಿಲ ಪತ್ತೆ ಮಾಡುವ ಸಾಧನವನ್ನು ಮೇಲ್ಭಾಗದಲ್ಲೇ ಹಾಕಬೇಕು. ಎಲ್‌ಪಿಜಿಗೆ ಅದು ನೆಲದ ಹತ್ತಿರ ಇರುತ್ತಿತ್ತು. ಹೊರಗಿನ ಮುಖ್ಯ ವಾಲ್ವನ್ನು ಮುಚ್ಚುವುದು ಹೇಗೆಂದು ಪಾತ್ರೆ ತೊಳೆಯುವ ಹುಡುಗನಿಗೂ ಕಲಿಸಬೇಕು. ಇದು ಪರಿಶೀಲನೆಯ ಪಟ್ಟಿಯಲ್ಲಿ ಟಿಕ್ ಹಾಕಿ ಮುಗಿಸುವ ಕೆಲಸವಲ್ಲ, ಮನುಷ್ಯರ ಜೀವದ ವಿಷಯ.

ಜೆಸಿಬಿ ತಾಗಿ ಕೊಳವೆ ಒಡೆದು ಒಂದು ದಿನ ಅನಿಲ ನಿಂತರೆ ಏನು ಮಾಡುವುದು? ಜೆಟ್ ಬದಲಿಸಿದ ಒಲೆಗೆ ಸಿಲಿಂಡರ್ ಸಿಕ್ಕಿಸುವಂತಿಲ್ಲ. ಎಲ್‌ಪಿಜಿಯದೇ ಒಂದೆರಡು ಒಲೆಗಳನ್ನು ಬೇರೆ ಇಟ್ಟುಕೊಳ್ಳಬೇಕು, ಹಳೆಯ ಏಜೆನ್ಸಿಯ ಸಂಪರ್ಕ ಉಳಿಸಿಕೊಳ್ಳಬಹುದೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು.

ಮುಂಬೈಯಿಂದ ನಾವು ಕಲಿಯುವುದಿದೆ. ಅಲ್ಲಿ ಮಹಾನಗರ್ ಗ್ಯಾಸ್ ಕಂಪನಿ 1995ರಿಂದಲೂ ಇದೆ. ಮಾಟುಂಗದಂಥ ಕಡೆ ನಮ್ಮ ಕರಾವಳಿಯವರು ಕಟ್ಟಿ ಬೆಳೆಸಿದ ಉಡುಪಿ ಹೋಟೆಲುಗಳ ಪರಂಪರೆಯೂ ಅದೇ ನಗರದ್ದು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಸೌದೆ ಮತ್ತು ಕಲ್ಲಿದ್ದಲು ಸುಡುವ ಬೇಕರಿಗಳು ಆರು ತಿಂಗಳೊಳಗೆ ಅನಿಲಕ್ಕೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಹೇಳಿತು. ಪಾವ್ ಸುಡುವ ಭಟ್ಟಿಯ ಹೊಗೆಯನ್ನು ಮೊದಲು ಕುಡಿಯುವವರು ಅಲ್ಲಿ ಕೆಲಸ ಮಾಡುವವರೇ, ಆದ್ದರಿಂದ ಆ ಆದೇಶದ ಉದ್ದೇಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸಣ್ಣ ಬೇಕರಿಗಳ ಕಷ್ಟವೂ ಸುಳ್ಳಲ್ಲ. ಹಳೆಯ ಭಟ್ಟಿ ಒಡೆದು ಹೊಸ ಓವನ್ ಕೂರಿಸಲು ಹಣ ಬೇಕು, ಜಾಗ ಬೇಕು, ಗಲ್ಲಿಯೊಳಗೆ ಕೊಳವೆ ಬಂದಿರಬೇಕು. ಗಡುವು ಕೊಡುವವರು ಕೊಳವೆಯನ್ನೂ ಸಾಲವನ್ನೂ ಅದರ ಜೊತೆಗೇ ಕೊಡಬೇಕು. ಬೆಂಗಳೂರಿನಲ್ಲಿ ಸೌದೆ ಒಲೆಯನ್ನೇ ನೆಚ್ಚಿಕೊಂಡ ಬೇಕರಿಗಳಿಗೆ ನೋಟಿಸು ಹೋಗುವ ದಿನ ಬರುವ ಮೊದಲೇ ಈ ಸಿದ್ಧತೆ ಆಗಬೇಕು.

ಈ ಯೋಜನೆಯ ಯಾವ ವರ್ಗಕ್ಕೂ ಸೇರದವರೂ ಇದ್ದಾರೆ. ಹುಬ್ಬಳ್ಳಿ–ಧಾರವಾಡದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಣ್ಣುಮಕ್ಕಳು, ಬೆಂಗಳೂರಿನಲ್ಲಿ ಮನೆಯಿಂದಲೇ ಹೋಳಿಗೆ, ಚಪಾತಿ ಮಾಡಿ ಮಾರುವವರು. ಮನೆಯ ಸಂಪರ್ಕದಲ್ಲಿ ವ್ಯಾಪಾರದ ಅಡುಗೆ ಮಾಡಿದರೆ ನಿಯಮ ಮುರಿದಂತೆ. ಕಮರ್ಷಿಯಲ್ ಸಂಪರ್ಕ ತೆಗೆದುಕೊಂಡರೆ ಠೇವಣಿಯ ಭಾರ, ಪರವಾನಗಿಗಳ ಓಡಾಟ. ದಿನಕ್ಕೆ ನೂರಿನ್ನೂರು ರೊಟ್ಟಿ ಮಾಡುವವರನ್ನು ನಕ್ಷತ್ರ ಹೋಟೆಲಿನ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಮನೆ ಮತ್ತು ವಾಣಿಜ್ಯದ ನಡುವೆ ಇವರಿಗೊಂದು ದರ ಬೇಕು.

ಕಾಗದಪತ್ರದ ಭಯವನ್ನೂ ಲಘುವಾಗಿ ನೋಡಬಾರದು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ಹಾಕಿದ್ದರು. ಅಂಥವರ ಮುಂದೆ ಇಂಗ್ಲಿಷಿನಲ್ಲಿ ಅಚ್ಚಾದ ಹತ್ತಾರು ಪುಟಗಳ ಕರಾರನ್ನು ಇಟ್ಟರೆ ಅವರು ಪೆನ್ನು ಮುಟ್ಟುವುದಿಲ್ಲ. ಒಂದೇ ಪುಟ, ಕನ್ನಡದಲ್ಲಿ: ದರ ಎಷ್ಟು, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಠೇವಣಿ ಯಾವಾಗ ವಾಪಸು, ಕನಿಷ್ಠ ಬಳಕೆ ಇದೆಯೇ, ಅಂಗಡಿ ಬಿಟ್ಟರೆ ಏನು. ಇದನ್ನು ಕೊಡಲು ಯಾವ ಕಂಪನಿಗೂ ಕಷ್ಟವಾಗಬಾರದು.

ನನ್ನ ತೀರ್ಮಾನ ಹೀಗಿದೆ. ಸ್ವಂತ ಕಟ್ಟಡ ಅಥವಾ ಕನಿಷ್ಠ ಐದು ವರ್ಷದ ಬಾಡಿಗೆ ಕರಾರು ಇದ್ದು, ಬಾಗಿಲ ಮುಂದೆಯೇ ಕೊಳವೆ ಬಂದಿದ್ದು, ದಿನಕ್ಕೆ ಒಂದು ಸಿಲಿಂಡರ್ ಅಥವಾ ಹೆಚ್ಚು ಸುಡುವವರು ಪಿಎನ್‌ಜಿ ತೆಗೆದುಕೊಳ್ಳಲಿ. ತಿಂಗಳಿಗೆ ಹತ್ತಕ್ಕಿಂತ ಕಡಿಮೆ ಸಿಲಿಂಡರ್ ಬಳಸುವ ಬಾಡಿಗೆ ಅಂಗಡಿಗಳು ಈಗಿನ ಕರಾರಿನಲ್ಲಿ ತೆಗೆದುಕೊಳ್ಳುವುದು ಬೇಡ. ಆದರೆ ಅವರನ್ನು ಹೊರಗಿಟ್ಟು ಯೋಜನೆ ಯಶಸ್ವಿಯಾಯಿತು ಎನ್ನಲಾಗದು. ಬೆಳಗಿನ ತಿಂಡಿಗೆ ಬಡಾವಣೆ ನೆಚ್ಚಿಕೊಂಡಿರುವುದು ಅವರನ್ನೇ.

ಅವರನ್ನು ಒಳಗೆ ತರುವ ದಾರಿ ಕಷ್ಟದ್ದೇನಲ್ಲ. ಸಣ್ಣ ಬಳಕೆದಾರರಿಗೆ ಕನಿಷ್ಠ ಬಳಕೆಯ ಷರತ್ತನ್ನು ಕಂಪನಿಗಳು ಕೈಬಿಡಲಿ. ಒಳಗಿನ ಕೊಳವೆಯ ಖರ್ಚನ್ನು ಮಾಸಿಕ ಬಿಲ್ಲಿನಲ್ಲಿ ಕಂತಾಗಿ ವಸೂಲು ಮಾಡಲಿ. ಸಂಪರ್ಕ ಕಟ್ಟಡಕ್ಕೆ ಸೇರಿರಲಿ, ಬಾಡಿಗೆದಾರರು ಬದಲಾದಾಗ ಕರೆಂಟಿನ ಮೀಟರಿನಂತೆ ಮುಂದಿನವರಿಗೆ ಹೋಗಲಿ. ಆಗ ಕಟ್ಟಡದ ಮಾಲೀಕರಿಗೂ ಅದು ಆಸ್ತಿ. ಬೆಂಗಳೂರಿನಲ್ಲಿ ಈಗ ಐದು ಪಾಲಿಕೆಗಳಿವೆ. ವೈಟ್‌ಟಾಪಿಂಗ್ ಮಾಡಿ ರಸ್ತೆಯನ್ನು ಕಾಂಕ್ರೀಟಿನಿಂದ ಮುಚ್ಚುವ ಮೊದಲು ಆ ಬೀದಿಯ ಪ್ರತಿ ತಿಂಡಿ ಅಂಗಡಿಯ ಮುಂದೆಯೂ ಅನಿಲದ ಒಂದು ತುದಿ ಬಿಟ್ಟು ಮುಚ್ಚಿ ಎಂದು ಅವು ಆದೇಶಿಸಲಿ. ವಿ.ವಿ. ಪುರಂನಂಥ ತಿಂಡಿ ಬೀದಿಗಳಿಂದಲೇ ಇದು ಶುರುವಾಗಬಹುದು. ಹೋಟೆಲ್ ಮಾಲೀಕರ ಸಂಘಗಳು ಒಬ್ಬೊಬ್ಬ ಸದಸ್ಯರನ್ನು ಕಂಪನಿಯ ಮುಂದೆ ಬಿಡದೆ, ಇಡೀ ಬೀದಿಯ ಪರವಾಗಿ ಒಂದೇ ಕರಾರಿಗೆ ಮಾತಾಡಲಿ.

ಅಂಗಡಿ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಬಾರಿ ಅನಿಲ ಕಂಪನಿಯವರು ಬಂದಾಗ ಅವರನ್ನು ಹಾಗೇ ಕಳಿಸಬೇಡಿ, ಹಾಗೇ ಸಹಿಯನ್ನೂ ಹಾಕಬೇಡಿ. ಎರಡು ವರ್ಷದ ಸಿಲಿಂಡರ್ ಬಿಲ್ಲುಗಳನ್ನು ಮೇಜಿನ ಮೇಲಿಡಿ, ದರವನ್ನು 25ರಿಂದ ಭಾಗಿಸಿ ತೋರಿಸಿ, ಕನಿಷ್ಠ ಬಳಕೆಯ ಷರತ್ತನ್ನು ತೆಗೆಯಿರಿ ಎಂದು ಕೇಳಿ.